ಅರೆಹೊಟ್ಟೆಯ ಬ್ಯಾಟರಿ

ಪುಣೆ ಬಳಿಯ ಚಾಕಣ್‌ನಲ್ಲಿ ವಾಹನಗಳ ವಿದ್ಯುತ್ ವ್ಯವಸ್ಥೆಯ ಕೆಲಸ ನನ್ನದು. ಹಾಗಾಗಿ ಇಲ್ಲಿನ ಕನ್ನಡ ಬಳಗದಲ್ಲಿ ಯಾರ ಮೋಟರ್‌ಹೋಂನಲ್ಲಿ ದೀಪ ಮಂಕಾದರೂ ಫೋನ್ ನನಗೇ. ಎಲ್ಲರ ಪ್ರಶ್ನೆಯೂ ಒಂದೇ: 'ಇನ್ನೊಂದು ಬ್ಯಾಟರಿ ಹಾಕಸೂಣೇನ್ರಿ?'

ಕಳೆದ ಚಳಿಗಾಲದಲ್ಲಿ ಹೀಗೆ ಕೇಳಿದವರು ಧಾರವಾಡ ಕಡೆಯ ಹಿರಿಯ ಗೆಳೆಯರು. ಊರಿಗೆ ಹೋಗಿಬರುವುದು ಅವರ ವ್ಯಾನ್‌ಮನೆಯಲ್ಲೇ. ಜತೆಗೆ ವಯಸ್ಸಾದ ತಾಯಿ. ಅವರ ಇನ್ಸುಲಿನ್ ವ್ಯಾನಿನ ಪುಟ್ಟ ಫ್ರಿಜ್‌ನಲ್ಲಿ. ದಾಂಡೇಲಿಯಲ್ಲಿ ತಂಗಿದ್ದಾಗ ನಡುರಾತ್ರಿ ಫ್ರಿಜ್ ಬಂದ್. 'ದಿನಪೂರ್ತಿ ಗಾಡಿ ಓಡೇತಿ, ಬ್ಯಾಟರಿಗೆ ವರ್ಷ ಸುದ್ದಾ ಆಗಿಲ್ಲ, ಮತ್ಯಾಕ ಹೀಂಗ?'

ಮೋಟರ್‌ಹೋಂನಲ್ಲಿ ಬ್ಯಾಟರಿ ಎರಡು. ಒಂದು ಎಂಜಿನ್ ಚಾಲೂ ಮಾಡಲು, ಇನ್ನೊಂದು ಮನೆಬಳಕೆಗೆ. ಓಡುವಾಗ ಆಲ್ಟರ್ನೇಟರ್ ಎರಡಕ್ಕೂ ಉಣಿಸುತ್ತದೆ ಎಂಬ ನಂಬಿಕೆ ನಮ್ಮದು. ಮೀಟರ್ ಹಿಡಿದು ನೋಡಿದೆ: ಎಂಜಿನ್ ಬಳಿ 14.2 ವೋಲ್ಟ್, ಹಿಂದಿನ ಮನೆ ಬ್ಯಾಟರಿಯಲ್ಲಿ 13.3. ವ್ಯಾನ್ ಸಜ್ಜುಗೊಳಿಸಿದವರು ಎಳೆದಿದ್ದ ಸಣಕಲು ತಂತಿಯಲ್ಲೇ ಉಳಿದದ್ದು ಸೋರಿತ್ತು. ಸೀಸ-ಆಮ್ಲದ ಬ್ಯಾಟರಿ ತುಂಬಲು ಸುಮಾರು 14.4 ವೋಲ್ಟ್ ಬೇಕು. ಅದರಲ್ಲೂ ಕೊನೆಯ ಶೇ 20 ಭಾಗ ತುಂಬಲು ಗಂಟೆಗಟ್ಟಲೆ ಹಿಡಿಯುತ್ತದೆ; ಅವಸರ ಮಾಡಿದರೆ ಆಗುವುದಿಲ್ಲ. ತಿಂಗಳುಗಟ್ಟಲೆ ಅರೆಹೊಟ್ಟೆಯಲ್ಲಿದ್ದರೆ ಫಲಕಗಳ ಮೇಲೆ ಸಲ್ಫೇಟ್ ಗಟ್ಟಿಯಾಗುತ್ತದೆ. 150 ಆಂಪಿಯರ್-ಅವರ್ ಎಂಬುದು ಆಮೇಲೆ ಮೇಲಿನ ಚೀಟಿಯಲ್ಲಷ್ಟೇ ಉಳಿಯುತ್ತದೆ. ಪಕ್ಕಕ್ಕೆ ಇನ್ನೊಂದು ತಂದಿಟ್ಟರೆ ಹಸಿದ ಬಾಯಿ ಎರಡಾಯಿತು, ಅಷ್ಟೆ.

ಅವರ ಬ್ಯಾಟರಿ ಚೇತರಿಸಲಿಲ್ಲ. ಅದೇ ಅಳತೆಯ ಹೊಸದು ಬಂತು. ಜತೆಗೆ ದಪ್ಪ ತಾಮ್ರದ ಕೇಬಲ್, ಎರಡೂ ತುದಿಯಲ್ಲಿ ಬ್ಯಾಟರಿಗೆ ಅಂಟಿದಂತೆ ಫ್ಯೂಸ್, ನಡುವೆ ಡಿಸಿ-ಡಿಸಿ ಚಾರ್ಜರ್. ಇತ್ತೀಚಿನ ಕೆಲವು ವಾಹನಗಳ ಆಲ್ಟರ್ನೇಟರ್ ಇಂಧನ ಉಳಿಸಲು ತಾನೇ ವೋಲ್ಟೇಜ್ ತಗ್ಗಿಸುವುದರಿಂದ ಈ ಚಾರ್ಜರ್ ಅಲ್ಲಿ ಇನ್ನೂ ಅಗತ್ಯ. ಚಾವಣಿಯ ಸೌರಫಲಕ ಒಳ್ಳೆಯದೇ, ಆದರೆ ದಾಂಡೇಲಿಯ ಮರಗಳ ಕೆಳಗೆ ಅದು ಬರೀ ಅಲಂಕಾರ! ಹೊರಡುವ ಹಿಂದಿನ ದಿನ ಮನೆಯ ಕರೆಂಟಿಗೆ ಜೋಡಿಸಿ ರಾತ್ರಿಯಿಡೀ ಬಿಡಿ ಎಂದೆ.

ಆರೈಕೆ ದೊಡ್ಡದೇನಲ್ಲ. ಚಾರ್ಜೂ ಇಲ್ಲದೆ ಬಳಕೆಯೂ ಇಲ್ಲದೆ ಕೆಲವು ಗಂಟೆ ಬಿಟ್ಟು ಅಳೆಯಿರಿ. 12.7 ವೋಲ್ಟ್ ಇದ್ದರೆ ತುಂಬಿದೆ, 12.2 ಅಂದರೆ ಅರ್ಧ ಖಾಲಿ, ಅದಕ್ಕಿಂತ ಇಳಿಸಬೇಡಿ. ನೀರು ಹಾಕುವ ಬ್ಯಾಟರಿಯಾದರೆ ಡಿಸ್ಟಿಲ್ಡ್ ವಾಟರ್ ಮಾತ್ರ. ಮನೆಯ ಇನ್ವರ್ಟರ್ ಬ್ಯಾಟರಿಯನ್ನೇ ತಂದು ಮಂಚದಡಿ ಮುಚ್ಚಿಡುವವರಿದ್ದಾರೆ. ಚಾರ್ಜ್ ಆಗುವಾಗ ಅದು ಹೈಡ್ರೋಜನ್ ಬಿಡುತ್ತದೆ, ಹೊರಗೆ ಗಾಳಿಯ ದಾರಿ ಬೇಕೇಬೇಕು.

ಲಿಥಿಯಂಗೆ ಈ ಲೆಕ್ಕ ನಡೆಯದು. ಮುಕ್ಕಾಲು ಖಾಲಿಯಾಗುವವರೆಗೂ ವೋಲ್ಟೇಜ್ ಹೆಚ್ಚೇನೂ ಇಳಿಯದ ಕಾರಣ, ಒಳಹೋದ ಹೊರಬಂದ ಆಂಪಿಯರ್ ಎಣಿಸುವ ಶಂಟ್ ಮೀಟರ್ ಬೇಕು. ಲಡಾಖ್‌ಗೆ ಹೊರಟವರಿಗೆ ಇನ್ನೊಂದು ಮಾತು: 0 ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಿದರೆ ಲಿಥಿಯಂ ಕೋಶಗಳು ಹಾಳಾಗುತ್ತವೆ. ಅಂಥ ಚಳಿಯಲ್ಲಿ ಚಾರ್ಜ್ ತಾನಾಗಿ ನಿಲ್ಲುವ ಏರ್ಪಾಡು ಇದೆಯೇ ಎಂದು ಕೊಳ್ಳುವಾಗಲೇ ಕೇಳಿ, ಬಿಲ್ಲಿನ ಮೇಲೆ ಬರೆಸಿಕೊಳ್ಳಿ.