‘ಆರಾಮ’ ಶಬ್ದದ ಅರ್ಥ ಮತ್ತು ಬಳಕೆ

ಧಾರವಾಡದ ಕಡೆಯ ವಿದ್ಯಾರ್ಥಿಯು ರಜೆಯ ಅರ್ಜಿಯಲ್ಲಿ ‘ನನಗೆ ಆರಾಮವಿಲ್ಲ’ ಎಂದು ಬರೆದರೆ, ಮೈಸೂರಿನ ಕಡೆಯ ಅಧ್ಯಾಪಕರಿಗೆ ಅವನು ವಿಶ್ರಾಂತಿಯನ್ನು ಬೇಡುತ್ತಿರುವಂತೆ ತೋರಬಹುದು. ಅವನ ಅಭಿಪ್ರಾಯವಾದರೋ ತನಗೆ ದೇಹಸ್ವಾಸ್ಥ್ಯವಿಲ್ಲವೆಂಬುದು. 1956ರ ಏಕೀಕರಣದಿಂದ ಈ ಪ್ರಾಂತಗಳು ಒಂದೇ ರಾಜ್ಯಕ್ಕೆ ಸೇರಿದರೂ ಇಂಥ ಪ್ರಯೋಗಗಳ ಮೇಲೆ ಕೆಂಪು ಗೆರೆ ಎಳೆಯುವ ರೂಢಿ ಅಳಿದಿಲ್ಲ. ಆ ಗೆರೆ ನ್ಯಾಯವೇ ಎಂಬುದನ್ನು ವಿಚಾರಿಸಬೇಕಾಗಿದೆ.

ಉತ್ತರ ಕರ್ನಾಟಕದ ಆಡುಮಾತಿನಲ್ಲಿ ಈ ಶಬ್ದವೇ ಕುಶಲಪ್ರಶ್ನೆಯ ತಿರುಳು. ‘ಆರಾಮ ಇದ್ದೀರಿ?’ ಎಂದು ಕೇಳುವರು. ರೋಗಿಯು ಗುಣಹೊಂದಿದರೆ ‘ಆರಾಮಾತು’ ಎನ್ನುವರು. ಇಲ್ಲಿ ಅದರ ಅರ್ಥ ಆರೋಗ್ಯ. ಹಳೆಯ ಮೈಸೂರಿನಲ್ಲಿ ‘ಆರಾಮವಾಗಿ ಕುಳಿತ’, ‘ಆರಾಮವಾಗಿ ಮುಗಿಸಿದ’ ಎಂಬಲ್ಲಿ ಅದು ಆಯಾಸವಿಲ್ಲದಿರುವಿಕೆ, ಸಲೀಸು.

ಈ ಎರಡು ಅರ್ಥಗಳೂ ಫಾರಸಿಯ ‘ಆರಾಮ್’ ಶಬ್ದದವು. ಹಳಗನ್ನಡ ಚಂಪೂಕಾವ್ಯಗಳನ್ನು ಓದುವ ವಿದ್ಯಾರ್ಥಿಗಳು ಎದುರಿಸುವ ‘ಆರಾಮ’ ಬೇರೆ. ಅದು ಸಂಸ್ಕೃತದ್ದು, ಅದರ ಅರ್ಥ ಉಪವನ. ಅಮರಕೋಶವೂ ಹಾಗೆಯೇ ಹೇಳುತ್ತದೆ. ಬೌದ್ಧರ ‘ಸಂಘಾರಾಮ’ದಲ್ಲಿರುವುದೂ ಅದೇ. ಕಾವ್ಯದ ಅರಸನು ಆರಾಮಕ್ಕೆ ಹೋದನೆಂದರೆ ತೋಟಕ್ಕೆ ಹೋದನೆಂದೇ ತಿಳಿಯತಕ್ಕದ್ದು. (ಅಲ್ಲಿ ಅವನು ಮಾಡುತ್ತಿದ್ದುದು ಬಹುಮಟ್ಟಿಗೆ ವಿಶ್ರಾಂತಿಯೇ ಎಂಬುದು ಬೇರೆ ಮಾತು.)

ಆದರೆ ಈ ಎರಡು ಶಬ್ದಗಳ ಸಾಮ್ಯ ಆಕಸ್ಮಿಕವಲ್ಲ. ಸಂಸ್ಕೃತದ ‘ರಮ್’ ಧಾತುವಿಗೆ ರಂಜಿಸು ಎಂಬ ಅರ್ಥ ಪ್ರಸಿದ್ಧವಾದರೂ ವೇದಭಾಷೆಯಲ್ಲಿ ನಿಲ್ಲು, ತಂಗು ಎಂಬ ಅರ್ಥವೂ ಉಂಟು. ‘ವಿರಾಮ’, ‘ಉಪರಮ’ಗಳಲ್ಲಿ ಅದು ಇಂದಿಗೂ ಉಳಿದಿದೆ. ಇರಾನಿನ ಪ್ರಾಚೀನ ಅವೆಸ್ತಾ ಭಾಷೆಯಲ್ಲಿ ‘ರಾಮನ್’ ಎಂದರೆ ಶಾಂತಿ. ಫಾರಸಿಯ ‘ಆರಾಮ್’ ಈ ಬಳಗದ್ದೇ. ಒಂದೇ ಬೇರಿನ ಎರಡು ಕೊಂಬೆಗಳು ಬೇರೆಬೇರೆ ಕಾಲದಲ್ಲಿ ಕನ್ನಡಕ್ಕೆ ಬಾಗಿ ಬಂದಿವೆ.

‘ಆರಾಮಿಲ್ಲ’ ಅನ್ಯದೇಶ್ಯವಾದುದರಿಂದ ಗ್ರಂಥಸ್ಥ ಭಾಷೆಗೆ ಸಲ್ಲದೆಂಬ ಆಕ್ಷೇಪವುಂಟು. ಹೀಗೆನ್ನುವವರು ಮನೆಯಲ್ಲಿ ಕಾಯಿಲೆಯಾದಾಗ ‘ಹುಷಾರಿಲ್ಲ’ ಎನ್ನುವರು! ‘ಹುಷಾರು’ ಕೂಡ ಫಾರಸಿಯ ‘ಹೋಶಿಯಾರ್’ ಶಬ್ದವೇ. ಎಚ್ಚರವುಳ್ಳ, ಬುದ್ಧಿಯುಳ್ಳ ಎಂಬುದು ಅದರ ಮೂಲಾರ್ಥ. ಆರೋಗ್ಯಕ್ಕೂ ಆ ಅರ್ಥಕ್ಕೂ ಇರುವ ದೂರ, ಆರೋಗ್ಯಕ್ಕೂ ನೆಮ್ಮದಿಗೂ ಇರುವ ದೂರಕ್ಕಿಂತ ಹೆಚ್ಚೇ ಸರಿ. ಒಂದನ್ನು ಒಪ್ಪಿ ಇನ್ನೊಂದನ್ನು ತಿದ್ದುವುದಕ್ಕೆ ಪ್ರಾಂತಾಭಿಮಾನವಲ್ಲದೆ ಬೇರೆ ಆಧಾರ ಕಾಣದು.

ವಾಕ್ಯರಚನೆಯಲ್ಲಂತೂ ಎರಡು ಪ್ರಾಂತಗಳೂ ಅಚ್ಚಗನ್ನಡದ ಒಂದೇ ದಾರಿಯನ್ನು ಹಿಡಿದಿವೆ. ಸ್ವಸ್ಥನಾದವನು ಸಾಮಾನ್ಯವಾಗಿ ಪ್ರಥಮಾ ವಿಭಕ್ತಿಯಲ್ಲಿರುತ್ತಾನೆ: ‘ನಾನು ಆರಾಮ ಇದ್ದೇನೆ’, ‘ನಾನು ಹುಷಾರಾಗಿದ್ದೇನೆ’. ಅಸ್ವಸ್ಥನಾದೊಡನೆ ಚತುರ್ಥಿಗೆ ಸರಿಯುತ್ತಾನೆ: ‘ನನಗೆ ಆರಾಮಿಲ್ಲ’, ‘ನನಗೆ ಹುಷಾರಿಲ್ಲ’.