ಅಟ್ಟದ ಮೇಲಿನ ‘ಟಿಪ್ಪು ಚೂರಿ’

“ನಾಲ್ಕು ಲಕ್ಷ ಕೊಡ್ತಾನಂತೆ ಕಣ್ಲಾ. ಆದ್ರೆ ಬುಡದಲ್ಲಿರೋ ಅಕ್ಷರಾನ ಗ್ರೈಂಡರ್‌ನಲ್ಲಿ ತಿಕ್ಕಿಸ್ಬುಡಿ ಅಂದವ್ನೆ.”

ಕಳೆದ ಯುಗಾದಿಗೆ ಹನಕೆರೆಗೆ ಹೋದಾಗ ದೊಡ್ಡಪ್ಪ ಹೇಳಿದ ಮೊದಲ ಮಾತೇ ಇದು. ಅಟ್ಟದ ಹೆಂಚು ತೆಗೆದು ರಿಪೇರಿ ಮಾಡಿಸುವಾಗ ಗೋಣಿತಾಟಿನಲ್ಲಿ ಸುತ್ತಿಟ್ಟಿದ್ದ ಚೂರಿಯೊಂದು ಸಿಕ್ಕಿತ್ತು. ತುಕ್ಕು ಹಿಡಿದ ಅಲಗು, ಮರದ ಹಿಡಿ. ಶ್ರೀರಂಗಪಟ್ಟಣ ನಮಗೆ ಹತ್ತಿರವಲ್ಲವೇ, ನಮ್ಮ ಕಡೆ ಹಳೇ ಕಬ್ಬಿಣ ಏನು ಸಿಕ್ಕರೂ ಅದು ಟಿಪ್ಪುವಿನದೇ! ಯಾರದೋ ಮೂಲಕ ಹಳೇ ಸಾಮಾನು ಕೊಳ್ಳುವವನೊಬ್ಬ ಬಂದು ನೋಡಿ, ‘ಟಿಪ್ಪು ಸೈನ್ಯದ್ದೇ’ ಅಂತ ಹೇಳಿ ರೇಟು ಕಟ್ಟಿ ಹೋಗಿದ್ದ. ದೊಡ್ಡಪ್ಪನ ಲೆಕ್ಕದಲ್ಲಿ ಮನೆಯ ಇಡೀ ಸೂರಿನ ಖರ್ಚು ಅದರಲ್ಲೇ ಮುಗಿದಿತ್ತು.

ನನಗೆ ಕಚ್ಚಿದ್ದು ಒಂದೇ ಪ್ರಶ್ನೆ. ಅಷ್ಟು ಹಳೆಯದಾದರೆ ಅಕ್ಷರ ಯಾಕೆ ಅಳಿಸಬೇಕು? ಸಾಫ್ಟ್‌ವೇರ್ ಕೆಲಸದವನು ನಾನು. ಯಾರಾದರೂ ‘ಲಾಗ್ ಡಿಲೀಟ್ ಮಾಡಿ’ ಅಂದರೆ ಮೊದಲು ಆ ಲಾಗನ್ನೇ ಓದುವ ಚಾಳಿ.

ಅಮ್ಮ ಆಗಲೇ ಹುಣಸೆಹಣ್ಣು, ಬೂದಿ ಹಿಡಿದು ತಿಕ್ಕಲು ಕೂತಿದ್ದರು. ತಡೆದೆ. ಹಳೇ ಆಯುಧ ಸಿಕ್ಕಾಗ ಎಲ್ಲರೂ ಮಾಡುವ ತಪ್ಪೇ ಇದು. ಹುಳಿ, ಮರಳುಕಾಗದ, ಗ್ರೈಂಡರ್ ಯಾವುದೂ ಬೇಡ. ತುಕ್ಕಿನ ಜೊತೆ ಮುದ್ರೆಯೂ ಹೋಗುತ್ತದೆ. ಹೊಲಿಗೆ ಮೆಷೀನಿನ ಎಣ್ಣೆ ಸವರಿ ಒಂದು ರಾತ್ರಿ ಬಿಟ್ಟೆ. ಬೆಳಿಗ್ಗೆ ಹತ್ತಿಬಟ್ಟೆಯಲ್ಲಿ ಒರೆಸಿ, ದೇವರ ಮನೆಯ ವಿಭೂತಿಯನ್ನು ಅಲಗಿನ ಬುಡಕ್ಕೆ ಉಜ್ಜಿ, ಮೊಬೈಲ್ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದೆ. ವಿಭೂತಿ ತಗ್ಗಿನಲ್ಲಿ ಕೂತು ಬೆಳ್ಳಗೆ ಕಂಡಿತು: ಒಂದು ಕಿರೀಟ. ಅದರ ಕೆಳಗೆ ಇಂಗ್ಲಿಷಿನಲ್ಲಿ ಜಿ.ಆರ್.ಐ. ಆಮೇಲೆ ‘ಮಾರ್ಕ್ 2’, ಆರ್.ಎಫ್.ಐ. ಕೊನೆಗೆ 43 ಎಂಬ ಅಂಕಿ.

ಜಿ.ಆರ್.ಐ. ಅಂದರೆ ಲ್ಯಾಟಿನ್ ಭಾಷೆಯ ‘ಜಾರ್ಜಿಯಸ್ ರೆಕ್ಸ್ ಇಂಪರೇಟರ್’. ಜಾರ್ಜ್, ದೊರೆ ಮತ್ತು ಚಕ್ರವರ್ತಿ ಎಂದು ಅರ್ಥ. ದೊಡ್ಡಪ್ಪ ಸುಮ್ಮನೆ ಬಿಡುವವರಲ್ಲ. “ಟಿಪ್ಪು ಕಾಲದಲ್ಲೂ ಜಾರ್ಜೇ ತಾನೆ ಇದ್ದಿದ್ದು?” ಅಂದರು. ಮಾತು ನಿಜ, ಆಗ ಇಂಗ್ಲೆಂಡಿನಲ್ಲಿ ಮೂರನೇ ಜಾರ್ಜ್ ಇದ್ದ. ಆದರೆ ಆತ ಚಕ್ರವರ್ತಿಯಲ್ಲ. ಭಾರತದ ಚಕ್ರವರ್ತಿ ಎಂಬ ಬಿರುದು ಹುಟ್ಟಿದ್ದೇ ವಿಕ್ಟೋರಿಯಾ ಕಾಲದಲ್ಲಿ, 1876ರಲ್ಲಿ. ಟಿಪ್ಪು ಸತ್ತದ್ದು 1799ರ ಮೇ 4ರಂದು. ಆರ್.ಎಫ್.ಐ. ಎಂದರೆ ಕೋಲ್ಕತ್ತದ ಹತ್ತಿರ ಇಷಾಪುರದಲ್ಲಿರುವ ರೈಫಲ್ ಕಾರ್ಖಾನೆ. 43 ಅಂದರೆ 1943.

ಮುದ್ರೆ ಇಲ್ಲದಿದ್ದರೂ ಆಕಾರವೇ ಹೇಳುತ್ತಿತ್ತು. ಇದು ಚೂರಿಯೇ ಅಲ್ಲ, ಬಯೊನೆಟ್. ಹಿಡಿಯ ಮುಂದಿನ ಅಡ್ಡಪಟ್ಟಿಯಲ್ಲಿ ಬಳೆಯಂಥ ತೂತಿದೆ, ಅದು ಬಂದೂಕಿನ ಮೂತಿಗೆ ಕೂರುವ ಜಾಗ. ಹಿಡಿಯ ಹಿಂತುದಿಯ ಕಬ್ಬಿಣದಲ್ಲಿ ಒಂದು ಗಾಡಿ, ಪಕ್ಕದಲ್ಲಿ ಒತ್ತುವ ಗುಂಡಿ. ಒತ್ತಿದರೆ ಕಳಚಿಕೊಳ್ಳುತ್ತದೆ. ನಮ್ಮ ಪೊಲೀಸರ ಹೆಗಲ ಮೇಲೆ ಬಹಳ ವರ್ಷ ಕಂಡ 303 ರೈಫಲ್ ಇದೆಯಲ್ಲ, ಆ ಲೀ ಎನ್‌ಫೀಲ್ಡ್ ಬಂದೂಕಿನ ಜೋಡಿ ಇದು. ಟಿಪ್ಪು ಕಾಲದ ಬಯೊನೆಟ್‌ಗೆ ಮರದ ಹಿಡಿಯೇ ಇರುತ್ತಿರಲಿಲ್ಲ. ಬಂದೂಕಿನ ನಳಿಗೆಗೆ ತೊಡಿಸುವ ಒಂದು ಕೊಳವೆ, ಅದರಿಂದ ಮೊಣಕೈಯಂತೆ ಬಾಗಿ ಹೊರಟ ಮೂರು ಮೂಲೆಯ ಮೊನೆ, ಅಷ್ಟೆ. ಟಿಪ್ಪುವಿನ ಆಯುಧಗಳ ಮೇಲೆ ಹುಲಿಪಟ್ಟೆಯ ಚಿತ್ತಾರ, ಪರ್ಷಿಯನ್ ಅಕ್ಷರಗಳು ಕಾಣಸಿಗುತ್ತವೆ. ಕಿರೀಟವಲ್ಲ.

ಅಲಗನ್ನು ಅಳೆದೆ, 12 ಇಂಚು. ಈ ಬಂದೂಕಿಗೆ 1907ರಲ್ಲಿ ಬ್ರಿಟಿಷರು ಮಾಡಿಸಿದ ಮೂಲ ಬಯೊನೆಟ್‌ನ ಅಲಗು 17 ಇಂಚು. ಬಂದೂಕು ಗಿಡ್ಡವಾಗಿದ್ದರಿಂದ ಎದುರಾಳಿಯ ಸಮಕ್ಕೆ ಚಾಚಲು ಅಲಗು ಉದ್ದ ಮಾಡಿದ್ದರು. ಎರಡನೇ ಮಹಾಯುದ್ಧದ ಹೊತ್ತಿಗೆ ಭಾರತದಲ್ಲಿ ಅದನ್ನೇ ಗಿಡ್ಡ ಮಾಡಿದರು. ಮೂಲದ್ದಕ್ಕೆ ಅಲಗಿನುದ್ದಕ್ಕೂ ಕಾಲುವೆಯಂಥ ತೋಡು ಇತ್ತು, ನಮ್ಮದಕ್ಕಿಲ್ಲ. (ಆ ತೋಡು ರಕ್ತ ಹರಿದುಹೋಗಲು ಅಂತ ಊರಲ್ಲಿ ಹೇಳುವವರಿದ್ದಾರೆ. ನಿಜಕ್ಕೂ ಅದು ತೂಕ ಇಳಿಸಲು.)

ಇಷ್ಟೆಲ್ಲ ಹೇಳಿದರೂ ದೊಡ್ಡಪ್ಪನ ಮುಖ ಸಡಿಲವಾಗಲಿಲ್ಲ. “ತಗೊಳ್ಳೋನೇ ಟಿಪ್ಪುದು ಅಂತಾವ್ನೆ, ನಿನಗೇನ್ಲಾ ಕಷ್ಟ?” ನನಗೂ ಒಂದು ಕ್ಷಣ ಹಾಗೇ ಅನ್ನಿಸಿತ್ತು, ಸುಳ್ಳು ಹೇಳಲಾರೆ. ಸೂರು ಸೋರುತ್ತಿರುವುದು ನನಗೂ ಕಾಣುತ್ತದೆ. ಆದರೆ ಲೆಕ್ಕ ಹಾಕಿ ನೋಡಿ. ಅದು ನಿಜಕ್ಕೂ ಟಿಪ್ಪುವಿನದಾಗಿದ್ದರೆ ನೂರು ವರ್ಷ ದಾಟಿದ ಪುರಾತನ ವಸ್ತು, 1972ರ ಕಾಯ್ದೆಯ ಪ್ರಕಾರ ಲೈಸೆನ್ಸ್ ಇಲ್ಲದೆ ಅದರ ವ್ಯಾಪಾರ ನಡೆಸುವಂತಿಲ್ಲ. ಅಲ್ಲದಿದ್ದರೆ ಅಕ್ಷರ ಅಳಿಸಿ ಮಾರುವುದು ಹಸಿ ಮೋಸ. ಆತ ಮುಂದೆ ಯಾರಿಗೋ ಮಾರಿ ಸಿಕ್ಕಿಬಿದ್ದರೆ ‘ಹನಕೆರೆಯವರು ಕೊಟ್ಟಿದ್ದು’ ಅಂತ ಬೆರಳು ತೋರಿಸುವುದು ನಮ್ಮ ಕಡೆಗೇ.

ಪಡಸಾಲೆಯ ಮೂಲೆಯಲ್ಲಿ ಎಲೆಅಡಿಕೆ ಕುಟ್ಟುತ್ತಿದ್ದ ಅಜ್ಜಿ ಆಗ ಬಾಯಿ ತೆರೆದಳು. ಅವಳಿಗೀಗ ತೊಂಬತ್ತರ ಹತ್ತಿರ.

“ಅದು ಟಿಪ್ಪುದೂ ಅಲ್ಲ, ಗಿಪ್ಪುದೂ ಅಲ್ಲ. ನಮ್ಮಣ್ಣ ತಂದಿದ್ದು. ಯಾರಾದ್ರೂ ಕೇಳಿದ್ರಾ ನನ್ನ?”

ಯಾರೂ ಕೇಳಿರಲಿಲ್ಲ. ಎರಡು ದಿನ ಟಾರ್ಚು, ಟೇಪು, ವಿಭೂತಿ ಎಂದು ಒದ್ದಾಡಿದ ಇಂಜಿನಿಯರ್ ಮೊಮ್ಮಗನೂ ಕೇಳಿರಲಿಲ್ಲ.

ಅಜ್ಜಿಯ ಅಣ್ಣ ಮಹಾರಾಜರ ಪಲ್ಟಣದಲ್ಲಿದ್ದರಂತೆ. ಸಿಂಗಾಪುರಕ್ಕೆ ಹೋದವರು ನಾಲ್ಕು ವರ್ಷ ಸುದ್ದಿಯೇ ಇಲ್ಲ. ತಿಥಿ ಮಾಡಬೇಕೋ ಬೇಡವೋ ಅಂತ ಮನೆಯಲ್ಲಿ ಜಗಳವಾಗುತ್ತಿದ್ದಾಗ ಒಂದು ದಿನ ಕಡ್ಡಿಯಂತಾಗಿ ಬಂದರು. “ಆಮೇಲೆ ತಿರುಗ ಪಲ್ಟಣಕ್ಕೆ ಹೋಗಿ ಬರುವಾಗ ಇದನ್ನ ತಂದ. ನನ್ನ ಮದುವೆ ಆದ್ಮೇಲೆ, ಕಬ್ಬಿನ ಗದ್ದೇಲಿ ಕೆಲಸಕ್ಕೆ ಬರಲಿ ಅಂತ ನಿಮ್ಮ ತಾತಂಗೆ ಕೊಟ್ಟ.”

ನಾನು ತಾರೀಖು ಹೊಂದಿಸಿ ನೋಡಿದೆ. ಮೈಸೂರು ಸಂಸ್ಥಾನದ ಒಂದನೇ ಇನ್‌ಫೆಂಟ್ರಿ ಸಿಂಗಾಪುರದ ಕಾವಲಿನಲ್ಲಿ ಇದ್ದದ್ದು ನಿಜ. 1942ರ ಫೆಬ್ರವರಿ 15ರಂದು ಸಿಂಗಾಪುರ ಜಪಾನಿಗೆ ಶರಣಾಯಿತು, ಅಲ್ಲಿದ್ದವರು ಸೆರೆಯಾದರು. ಜಪಾನಿಗಳು ಅಲ್ಲಿ ಶರಣಾಗಿದ್ದು 1945ರ ಸೆಪ್ಟೆಂಬರ್ 12ಕ್ಕೆ. ಹಾಗಾಗಿ 1943ರಲ್ಲಿ ಇಷಾಪುರದಲ್ಲಿ ತಯಾರಾದ ಬಯೊನೆಟ್ ಆ ಯುದ್ಧದಲ್ಲಿ ಅವರ ಕೈಯಲ್ಲಿ ಇದ್ದಿರಲು ಸಾಧ್ಯವಿಲ್ಲ. ಬಿಡುಗಡೆಯಾದ ಮೇಲೆ ಸಿಕ್ಕಿರಬೇಕು. ಅಜ್ಜಿ ಹೇಳಿದ್ದೂ ಅದನ್ನೇ. ಮುದ್ರೆ ವರ್ಷ ಹೇಳುತ್ತದೆ, ಯಾರ ಕೈಯಲ್ಲಿತ್ತು ಅಂತ ಹೇಳುವುದಿಲ್ಲ. ಅದನ್ನು ಹೇಳಲು ನಮ್ಮನೆಯಲ್ಲಿ ಇದ್ದದ್ದು ಒಬ್ಬಳೇ. ಆ 43ನ್ನು ಗ್ರೈಂಡರ್‌ಗೆ ಕೊಟ್ಟಿದ್ದರೆ ಅವಳ ಮಾತಿನ ಪರವಾಗಿದ್ದ ಒಂದೇ ಸಾಕ್ಷಿಯೂ ಹೋಗುತ್ತಿತ್ತು.

ಅಣ್ಣನದೊಂದು ಫೋಟೋ ಕೂಡ ಅಜ್ಜಿಯ ಹತ್ತಿರ ಇಲ್ಲ. ಬಯೊನೆಟ್ಟನ್ನು ಮಡಿಲಲ್ಲಿಟ್ಟುಕೊಂಡು ಬಹಳ ಹೊತ್ತು ಸುಮ್ಮನೆ ಕೂತಿದ್ದಳು. ದೊಡ್ಡಪ್ಪ ಎದ್ದು ಹೊರಗೆ ಹೋಗಿ ಆ ಕೊಳ್ಳುವವನಿಗೆ ಫೋನ್ ಮಾಡಿದರು. “ಇಲ್ಲ ಕಣಪ್ಪ, ಅದು ನಮ್ಮವ್ವಂದು” ಅನ್ನುವುದಷ್ಟೇ ಕೇಳಿಸಿತು.

ಒಂದು ಕೆಲಸ ಬಾಕಿ ಇದೆ. 2016ರ ಆಯುಧ ನಿಯಮಗಳಲ್ಲಿ ಒಂಬತ್ತು ಇಂಚಿಗಿಂತ ಉದ್ದನೆಯ ಅಲಗಿನ ಆಯುಧಗಳ ಪಟ್ಟಿಯಲ್ಲಿ ಬಯೊನೆಟ್ ಹೆಸರೂ ಇದೆ, ಬೇಸಾಯದ ಕತ್ತಿ ಕುಡುಗೋಲುಗಳಿಗೆ ವಿನಾಯಿತಿ. ನಮ್ಮದು ಗದ್ದೆಯಲ್ಲಿ ದುಡಿದಿದೆ ಅಂತ ವಾದಿಸಬಹುದು, ಆದರೂ ಠಾಣೆಯಲ್ಲಿ ವಿಚಾರಿಸಿ ಬರೋಣ ಅಂತ ದೊಡ್ಡಪ್ಪನಿಗೆ ಹೇಳಿದ್ದೇನೆ. ನಿಮ್ಮ ಅಟ್ಟದಲ್ಲೂ ಇಂಥದ್ದಿದ್ದರೆ ಹಾಗೇ ಮಾಡಿ.

ಸದ್ಯಕ್ಕೆ ಅದು ಎಣ್ಣೆಬಟ್ಟೆಯಲ್ಲಿ ಸುತ್ತಿಕೊಂಡು ಅಜ್ಜಿಯ ಟ್ರಂಕಿನಲ್ಲಿದೆ. ಹೆಂಚಿನ ಖರ್ಚನ್ನು ದೊಡ್ಡಪ್ಪ ಮತ್ತು ನಾನು ಅರ್ಧರ್ಧ ಹಾಕಿಕೊಂಡಿದ್ದೇವೆ.