ಐಡಿ ಕಾರ್ಡಿಗೂ ಒಂದು ಬೆಲೆಯಿದೆ

ರಾಯಚೂರು ಜಿಲ್ಲೆಯ ಮನೆಗಳಿಗೆ ಮುಂಗಾರಿನ ಭತ್ತ, ಹತ್ತಿಯ ದುಡ್ಡು ಬರುವುದು ನವೆಂಬರ್ ದಾಟಿದ ಮೇಲೆ. ಲ್ಯಾಪ್‌ಟಾಪ್ ಕಂಪನಿಗಳು ವಿದ್ಯಾರ್ಥಿಗಳಿಗೆಂದು ಆಫರ್ ಬಿಡುವುದು ಹೆಚ್ಚಾಗಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ತುಂಗಭದ್ರಾ ಎಡದಂಡೆ ಕಾಲುವೆಯನ್ನು ನೆಚ್ಚಿಕೊಂಡ ಮಾನ್ವಿಯ ರೈತ ನಾಟಿಗೆ, ಗೊಬ್ಬರಕ್ಕೆ, ಮಗಳ ಕಾಲೇಜು ಫೀಸಿಗೆ ಒಟ್ಟಿಗೇ ದುಡ್ಡು ಹೊಂದಿಸಲು ಪರದಾಡುವ ತಿಂಗಳುಗಳು ಇವೇ. ಅವನ ಕೈಗೆ ಕಾಸು ಬರುವ ಹೊತ್ತಿಗೆ ಆಫರ್ ಮುಗಿದಿರುತ್ತದೆ.

ಆದರೆ ವಿದ್ಯಾರ್ಥಿ ರಿಯಾಯಿತಿ ಎಂದರೆ ಆ ತಿಂಗಳುಗಳ ಆಫರ್ ಮಾತ್ರ ಅಲ್ಲ. ವರ್ಷವಿಡೀ ಇರುವ ಸೌಲಭ್ಯಗಳೇ ಹೆಚ್ಚು ಬೆಲೆಬಾಳುವಂಥವು, ಅವುಗಳ ಸುದ್ದಿಯೇ ಊರು ಮುಟ್ಟುವುದಿಲ್ಲ. ಆ್ಯಪಲ್‌ ಕಂಪನಿಯ ಶೈಕ್ಷಣಿಕ ದರ ಯಾವ ತಿಂಗಳಲ್ಲಾದರೂ ಸಿಗುತ್ತದೆ. ಕಾಲೇಜು ವಿದ್ಯಾರ್ಥಿಗಳಷ್ಟೇ ಅಲ್ಲ, ಅವರ ಪರವಾಗಿ ಕೊಳ್ಳುವ ತಂದೆತಾಯಿ ಮತ್ತು ಅಧ್ಯಾಪಕರಿಗೂ ಅದು ಅನ್ವಯ. ಎಚ್‌ಪಿ, ಲೆನೊವೊ ಕಂಪನಿಗಳೂ ಆನ್‌ಲೈನ್‌ನಲ್ಲಿ ವಿದ್ಯಾರ್ಥಿಗಳಿಗೆ ಬೇರೆಯೇ ಅಂಗಡಿ ತೆರೆದಿವೆ.

ಇಷ್ಟಾದರೂ ಯಂತ್ರದ ಮೇಲಿನ ಉಳಿತಾಯ ದೊಡ್ಡದಲ್ಲ. 45,000 ರೂಪಾಯಿಯ ಲ್ಯಾಪ್‌ಟಾಪಿಗೆ ಶೇ 5ರಷ್ಟು ಕಡಿತ ಸಿಕ್ಕಿತು ಎನ್ನಿ, ಉಳಿಯುವುದು 2,250 ರೂಪಾಯಿ. ಬಡ್ಡಿಯಿಲ್ಲದ ಕಂತು ಎಂದು ಹೇಳಿ ಕೊಡುವಾಗ ಬ್ಯಾಂಕಿನ ಪ್ರೊಸೆಸಿಂಗ್ ಶುಲ್ಕ, ಬಡ್ಡಿಯ ಭಾಗದ ಮೇಲೆ ಶೇ 18ರ ಜಿಎಸ್‌ಟಿ ಸೇರಿಕೊಂಡು ಆ ಉಳಿತಾಯದಲ್ಲೂ ಒಂದಿಷ್ಟು ಕರಗುವುದುಂಟು.

ನಿಜವಾದ ಗಂಟು ಇರುವುದು ಸಾಫ್ಟ್‌ವೇರ್‌ನಲ್ಲಿ. ಸಿವಿಲ್ ಓದುವ ಹುಡುಗನಿಗೆ ಆಟೊಕ್ಯಾಡ್ ಬೇಕೇ ಬೇಕು. ದುಡ್ಡು ಕೊಟ್ಟು ಕೊಳ್ಳುವುದಾದರೆ ಅದರ ಒಂದು ವರ್ಷದ ಚಂದಾ ಲ್ಯಾಪ್‌ಟಾಪಿನ ಬೆಲೆಯನ್ನೇ ಮೀರುತ್ತದೆ. ಆಟೊಡೆಸ್ಕ್ ಕಂಪನಿ ವಿದ್ಯಾರ್ಥಿಗಳಿಗೆ ಇದನ್ನು ಉಚಿತವಾಗಿಯೇ ಕೊಡುತ್ತದೆ. ಒಂದು ವರ್ಷದ ಪರವಾನಗಿ; ಓದು ಮುಗಿಯುವ ತನಕ ವರ್ಷವರ್ಷವೂ ನವೀಕರಿಸಿಕೊಳ್ಳಬಹುದು. ಕಲಿಕೆಗೆ ಮಾತ್ರ ಬಳಸಬೇಕು, ಗಿರಾಕಿಗೆ ಮನೆ ಪ್ಲ್ಯಾನ್ ಬರೆದುಕೊಟ್ಟು ದುಡಿಯುವಂತಿಲ್ಲ. ಪ್ರೋಗ್ರಾಮಿಂಗ್ ಕಲಿಯುವವರಿಗೆ ಜೆಟ್‌ಬ್ರೇನ್ಸ್‌ನ ಪೈಚಾರ್ಮ್‌, ಇಂಟೆಲಿಜೆ ಉಚಿತ. ಗಿಟ್‌ಹಬ್‌ನ ವಿದ್ಯಾರ್ಥಿ ಪ್ಯಾಕ್‌ನಲ್ಲಿ ಹತ್ತಾರು ಸಲಕರಣೆಗಳು ಒಟ್ಟಿಗೇ ಬರುತ್ತವೆ. ಮೈಕ್ರೋಸಾಫ್ಟ್‌ನ ಅಜೂರ್ ಕ್ಲೌಡ್ ಸೇವೆ ವಿದ್ಯಾರ್ಥಿಗಳಿಗೆ 100 ಡಾಲರ್ ಮೌಲ್ಯದ ಬಳಕೆ ಕೊಡುತ್ತದೆ, ಅದೂ ಕ್ರೆಡಿಟ್ ಕಾರ್ಡ್ ಕೇಳದೆ. ಮನೆಯಲ್ಲಿ ಯಾರಿಗೂ ಕ್ರೆಡಿಟ್ ಕಾರ್ಡ್ ಇಲ್ಲದ ದೇವದುರ್ಗದ ಹುಡುಗಿಗೆ ಇದು ಸಣ್ಣ ಮಾತಲ್ಲ.

ಇದು ಗೊತ್ತಿಲ್ಲದ ಕಡೆ ನಡೆಯುವುದೇ ಬೇರೆ. ಕಂಪ್ಯೂಟರ್ ಅಂಗಡಿಗೆ ಹೋಗಿ ಫಾರ್ಮ್ಯಾಟ್ ಹೊಡೆಸಿ, ಕ್ರ್ಯಾಕ್ ಮಾಡಿದ ಆಫೀಸ್, ಆಟೊಕ್ಯಾಡ್ ಹಾಕಿಸಿಕೊಂಡು ಬರುತ್ತಾರೆ. ಅದರ ಜೊತೆಗೇ ವೈರಸ್ ಬಂದರೆ ಪ್ರಾಜೆಕ್ಟ್ ಫೈಲುಗಳೆಲ್ಲ ಹೋಗುತ್ತವೆ, ಮತ್ತೆ ದುಡ್ಡು ಕೊಟ್ಟು ಫಾರ್ಮ್ಯಾಟ್ ಹೊಡೆಸಬೇಕು. ಪುಕ್ಕಟೆಯಾಗಿ, ಕಾನೂನುಬದ್ಧವಾಗಿ ಸಿಗುವ ವಸ್ತುವಿಗೆ ಬಡವರ ಮಕ್ಕಳು ಹೀಗೆ ದಂಡ ತೆರುವುದು ನೋವಿನ ಸಂಗತಿ.

ಹಳೆಯ ಲ್ಯಾಪ್‌ಟಾಪ್ ಕೊಳ್ಳುವವರೂ ಇದ್ದಾರೆ. ರಾಯಚೂರಿಗೆ ಬೆಂಗಳೂರಿಗಿಂತ ಹೈದರಾಬಾದ್ ಹತ್ತಿರ, ದೂರ ಹೆಚ್ಚುಕಡಿಮೆ ಅರ್ಧ. ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರ್ ಕಂಪ್ಯೂಟರ್ ಅಂಗಡಿಗಳಿಗೇ ಹೆಸರಾದ ಜಾಗ. ಅಲ್ಲಿಗೆ ಹೋಗುವವರು ಒಂದು ವಿಷಯ ನೆನಪಿಡಬೇಕು: ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಅಧಿಕೃತವಾಗಿ ಓಡಬೇಕಾದರೆ ಇಂಟೆಲ್ ಯಂತ್ರಗಳಲ್ಲಿ ಸಾಮಾನ್ಯವಾಗಿ ಎಂಟನೇ ತಲೆಮಾರಿನ ಅಥವಾ ಅದಕ್ಕೂ ಹೊಸ ಪ್ರೊಸೆಸರ್ ಇರಬೇಕು. ಅದಕ್ಕಿಂತ ಹಳೆಯದು ಕೈಗೆ ಬಂದರೆ ಉಬುಂಟು, ಲಿಬ್ರೆ ಆಫೀಸ್ ಹಾಕಿಕೊಳ್ಳಬಹುದು. ಎರಡಕ್ಕೂ ಕಾಸು ಕೊಡಬೇಕಿಲ್ಲ. ಇಂಥವನ್ನು ಕಲಿಸುವ ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಪಾಠಗಳು ಕನ್ನಡದಲ್ಲೂ ಇವೆ.

ಇನ್ನು ಈ ಸೌಲಭ್ಯಗಳ ಬಾಗಿಲು ತೆರೆಯುವ ಬಗೆ. ಹೆಚ್ಚಿನ ಕಂಪನಿಗಳು ಮೊದಲು ಕೇಳುವುದು ಕಾಲೇಜಿನ ಇ-ಮೇಲ್ ವಿಳಾಸ. 2019ರಲ್ಲಿ ಆರಂಭವಾದ ರಾಯಚೂರು ಐಐಐಟಿಯ ವಿದ್ಯಾರ್ಥಿಗಳಿಗೆ ಇದು ಸಮಸ್ಯೆಯೇ ಅಲ್ಲ, ಸಂಸ್ಥೆಯ ಹೆಸರಿನ ವಿಳಾಸ ಅವರಿಗಿದೆ. ತಾಲ್ಲೂಕು ಕೇಂದ್ರದ ಪದವಿ ಕಾಲೇಜಿಗೆ ಸೇರಿದವರೆಲ್ಲರಿಗೂ ಆ ಭಾಗ್ಯವಿಲ್ಲ. ಅಂಥವರಿಗೆ ಐಡಿ ಕಾರ್ಡ್ ನೆರವಿಗೆ ಬರುತ್ತದೆ. ಗಿಟ್‌ಹಬ್‌, ಆಟೊಡೆಸ್ಕ್, ಜೆಟ್‌ಬ್ರೇನ್ಸ್ ಮೂರೂ ದಾಖಲೆಯನ್ನು ನೋಡಿ ಒಪ್ಪಿಕೊಳ್ಳುತ್ತವೆ. ಕಾರ್ಡಿನ ಮೇಲೆ ಹೆಸರು, ಕಾಲೇಜು, ಆ ವರ್ಷದ ದಿನಾಂಕ ಸ್ಪಷ್ಟವಾಗಿರಬೇಕು. ಕಾರ್ಡಿನಲ್ಲಿ ದಿನಾಂಕ ಇಲ್ಲದಿದ್ದರೆ ಕಾಲೇಜು ಆಫೀಸಿನಿಂದ ಇಂಗ್ಲಿಷಿನಲ್ಲಿ ಬೋನಾಫೈಡ್ ಬರೆಸಿಕೊಂಡು ಅಪ್‌ಲೋಡ್ ಮಾಡಬಹುದು.

ಪ್ರಾಂಶುಪಾಲರು ಮನಸ್ಸು ಮಾಡಿದರೆ ಇಷ್ಟು ಓಡಾಟವೂ ಉಳಿಯುತ್ತದೆ. ಗೂಗಲ್‌ನ ಶಿಕ್ಷಣ ಸಂಸ್ಥೆಗಳ ಪ್ರಾಥಮಿಕ ಪ್ಯಾಕೇಜು, ಮೈಕ್ರೋಸಾಫ್ಟ್‌ನ ಎ1 ಪ್ಯಾಕೇಜು ಎರಡೂ ಮಾನ್ಯತೆ ಪಡೆದ ಕಾಲೇಜುಗಳಿಗೆ ಉಚಿತ. ಪ್ರತಿ ವಿದ್ಯಾರ್ಥಿಗೂ ಒಂದೊಂದು ಇ-ಮೇಲ್ ವಿಳಾಸ, ಮೈಕ್ರೋಸಾಫ್ಟ್‌ನದಾದರೆ ಅದರೊಂದಿಗೆ ಬ್ರೌಸರ್‌ನಲ್ಲೇ ತೆರೆಯುವ ವರ್ಡ್, ಎಕ್ಸೆಲ್ ಕೂಡ ಸಿಗುತ್ತವೆ. ಇದಕ್ಕೆ ಕಾಲೇಜಿನ ಹೆಸರಲ್ಲಿ ಒಂದು ಡೊಮೇನ್ ಬೇಕು. ಶಿಕ್ಷಣ ಸಂಸ್ಥೆಗಳಿಗೆ ಮೀಸಲಾದ ಡೊಮೇನ್‌ಗಳನ್ನು ಕೊಡುವುದು ಕೇಂದ್ರ ಸರಕಾರದ ಅಧೀನದ ಅರ್ನೆಟ್ ಇಂಡಿಯಾ. ಸಂಸ್ಥೆಯ ಮುಖ್ಯಸ್ಥರ ಪತ್ರ, ಮಾನ್ಯತೆಯ ದಾಖಲೆ, ನೋಂದಣಿ ಶುಲ್ಕ ಕೊಟ್ಟು ಅರ್ಜಿ ಹಾಕಬೇಕು. ಬೇಸಿಗೆ ರಜೆಯಲ್ಲೇ ಈ ಕೆಲಸ ಮುಗಿಸಿಟ್ಟರೆ ಜೂನ್‌ನಲ್ಲಿ ದಾಖಲಾಗುವ ಮಕ್ಕಳಿಗೆ ಐಡಿ ಕಾರ್ಡಿನ ಜೊತೆಗೇ ಇ-ಮೇಲ್ ವಿಳಾಸವನ್ನೂ ಕೊಡಬಹುದು.